ಥಾಣೆಯಾಚೆಯ ಸಿನಗಾಗ್‌ಗೆ, ಸ್ಯಾಮ್ಸನಣ್ಣನ ಜೊತೆ

ರೈಲು ಮೈಸೂರು ಬಿಟ್ಟಾಗ ಬೆಳಕು ಸರಿಯಾಗಿ ಹರಿದಿರಲಿಲ್ಲ. ನನಗೆ ಮಂಡಿನೋವು, ಸ್ಯಾಮ್ಸನಣ್ಣನಿಗೆ ಹಿಂದಿನ ಚಳಿಗಾಲದಲ್ಲಿ ಬಿದ್ದು ಮುರಿದುಕೊಂಡ ಕಾಲು. ಇಬ್ಬರಿಗೂ ಕೆಳಗಿನ ಬರ್ತ್ ಸಿಕ್ಕಿದ್ದೇ ಪುಣ್ಯ ಎಂದುಕೊಂಡು ಕೂತೆವು. ಮೂರನೇ ದರ್ಜೆ ಎಸಿಗೆ ತಲೆಗೆ ಸಾವಿರದೈನೂರರ ಹತ್ತಿರ. ಹಿರಿಯರಿಗಿದ್ದ ರಿಯಾಯಿತಿ ನಿಂತು ವರ್ಷಗಳಾದವು; ಅದಕ್ಕೆ ಗೊಣಗುವ ಹುಮ್ಮಸ್ಸೂ ನನ್ನಲ್ಲಿ ಉಳಿದಿಲ್ಲ. ನಿವೃತ್ತಿಯಾದ ಮೇಲೆ ಊರೂರು ಸುತ್ತಬೇಕು ಎಂದು ಬಹಳ ಹೇಳಿಕೊಂಡಿದ್ದೆ. ಈಗ ರೈಲು ಹತ್ತಿದ ಗಳಿಗೆಯಿಂದಲೇ ಮನೆಯ ಮಂಚ ನೆನಪಾಗುತ್ತದೆ.

ಸ್ಯಾಮ್ಸನಣ್ಣ ಯೆಹೂದಿ. ಮುಂಬೈ ಕಡೆಯಿಂದ ಹುಡುಗನಾಗಿ ಬಂದು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲೇ ನಿವೃತ್ತರಾದವರು. ಅವರ ಹೆಂಡತಿ ಫ್ಲೋರಾ ಕುವೆಂಪುನಗರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಅದೇ ಶಾಲೆಯಲ್ಲಿ ಸಮಾಜ ವಿಜ್ಞಾನ. ಮೂವತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿ ಉಂಡವರು ನಾವು. ಅವರಿಗೆ ಮಕ್ಕಳಿರಲಿಲ್ಲ. ಹೋದ ಕಾರ್ತಿಕದಲ್ಲಿ ಫ್ಲೋರಾ ತೀರಿಕೊಂಡಳು.

ಯೆಹೂದಿಗಳಲ್ಲಿ ಸತ್ತವರ ಹೆಸರಿನಲ್ಲಿ ಹೇಳುವ ಒಂದು ಪ್ರಾರ್ಥನೆಯಿದೆ, ಕದ್ದೀಶ್ ಎಂದು. ಅದನ್ನು ಒಬ್ಬರೇ ಹೇಳುವಂತಿಲ್ಲ. ಅವರ ಪೈಕಿಯ ಹತ್ತು ಗಂಡಸರು ಸೇರಿ ನಿಂತರೆ ಮಾತ್ರ ಹೇಳಬಹುದು. ಮೈಸೂರಿನಲ್ಲಿ ಸ್ಯಾಮ್ಸನಣ್ಣನಿಗೆ ಗೊತ್ತಿದ್ದ ಯೆಹೂದಿ ಗಂಡಸು ಅವರೊಬ್ಬರೇ. ಫ್ಲೋರಾಳನ್ನು ಕ್ರೈಸ್ತರ ಸ್ಮಶಾನದಲ್ಲಿ ಕೇಳಿಕೊಂಡು ಪಡೆದ ಒಂದು ಮೂಲೆಯಲ್ಲಿ ಮಣ್ಣು ಮಾಡಿದಾಗ, ಅವರು ಪುಸ್ತಕ ಹಿಡಿದು ತಮಗೆ ಬಂದಷ್ಟನ್ನು ಓದಿ, ಕದ್ದೀಶ್ ಇದ್ದ ಪುಟವನ್ನು ಸುಮ್ಮನೆ ಮಗುಚಿದರು. ಅದನ್ನು ನಾನು ನೋಡಿದ್ದೆ. ಮುಂದೆ ಕೆಲವೇ ವಾರಕ್ಕೆ ಅವರ ಕಾಲು ಮುರಿಯಿತು. ವರ್ಷದ ದಿನಕ್ಕಾದರೂ ತಾನು ಹುಟ್ಟಿದ ಊರಿನ ಸಿನಗಾಗ್‌ಗೆ, ಅಂದರೆ ಅವರ ಪ್ರಾರ್ಥನಾ ಮಂದಿರಕ್ಕೆ, ಹೋಗಿ ಹತ್ತು ಜನರ ನಡುವೆ ನಿಂತು ಹೇಳಬೇಕು, ಜೊತೆಗೆ ಬರ್ತೀರಾ ಎಂದು ಕೇಳಿದಾಗ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಆ ದಿನ ಯಾವುದು ಎಂದು ಪಂಚಾಂಗ ನೋಡಿ ಹೇಳಿದವಳೂ ನಾನೇ. ಯೆಹೂದಿಗಳ ತಿಂಗಳೂ ನಮ್ಮ ಹಾಗೆ ಅಮಾವಾಸ್ಯೆ ಕಳೆದ ಮೇಲೆ ಶುರುವಾಗುತ್ತದೆ. ಮೊದಲೆಲ್ಲ ಅವರ ಕ್ಯಾಲೆಂಡರ್ ಮುಂಬೈಯಿಂದ ಅಂಚೆಯಲ್ಲಿ ಬರುತ್ತಿತ್ತಂತೆ. ಅದು ನಿಂತ ಮೇಲೆ ಗಂಡಹೆಂಡಿರು ತಮ್ಮ ಹಿರಿಯರ ದಿನಗಳನ್ನು ನಮ್ಮ ತಿಥಿಗೇ ಹೊಂದಿಸಿಕೊಂಡುಬಿಟ್ಟಿದ್ದರು. ಇರುವ ಚಂದ್ರ ಒಬ್ಬನೇ ತಾನೇ ಎಂಬುದು ಸ್ಯಾಮ್ಸನಣ್ಣನ ವಾದ. ವರ್ಷಕ್ಕೆ ನಾಲ್ಕೈದು ಸಲ ಫ್ಲೋರಾ ಬಂದು ಅಪ್ಪನ ದಿನ, ಅತ್ತೆಯ ದಿನ ಯಾವತ್ತು ಬಿತ್ತು ಎಂದು ಕೇಳಿಕೊಂಡು ಹೋಗುತ್ತಿದ್ದಳು. ಅವಳದೇ ದಿನ ಕಾರ್ತಿಕ ಶುದ್ಧ ದಶಮಿಯಾಯಿತು. ಅದಕ್ಕೆ ಒಂದು ದಿನ ಮುಂಚೆ ತಲುಪುವ ಹಾಗೆ ಟಿಕೆಟ್ ಮಾಡಿಸಿದ್ದೆವು.

ಹಾಸನ ದಾಟಿ ಅರಸೀಕೆರೆ ಬರುವಷ್ಟರಲ್ಲಿ ಇಡ್ಲಿ ಮುಗಿಯಿತು. ಹುಬ್ಬಳ್ಳಿಯ ಹೊತ್ತಿಗೆ ಮೊಸರನ್ನ. ಎಸಿಯ ತಣ್ಣನೆ ಗಾಳಿ ನನ್ನ ಮಂಡಿಗೇ ಗುರಿ ಇಟ್ಟು ಬೀಸುತ್ತಿತ್ತು. ಸ್ಯಾಮ್ಸನಣ್ಣ ಮಾತ್ರ ಕಿಟಕಿಯ ಪಕ್ಕ ನೆಟ್ಟಗೆ ಕೂತು ತಮ್ಮ ಊರಿನ ಕಥೆ ಹೇಳುತ್ತಿದ್ದರು. ಕೊಂಕಣದ ಹಳ್ಳಿಗಳಲ್ಲಿ ಇವರ ಹಿರಿಯರು ಗಾಣ ಆಡಿಸುತ್ತಿದ್ದರಂತೆ. ಶನಿವಾರ ಯೆಹೂದಿಗಳು ಕೆಲಸ ಮಾಡದ ದಿನ; ಅಂದು ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಜನ ಇವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರು. ರೈಲ್ವೆ ಕೆಲಸ, ಗಿರಣಿ ಕೆಲಸ ಎಂದು ಥಾಣೆಯ ಸುತ್ತ ಬಂದು ಸೇರಿದ ಹತ್ತು ಹನ್ನೆರಡು ಮನೆಯವರು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಪ್ರಾರ್ಥನೆ ಶುರು ಮಾಡಿದರು. ಗಿರಣಿ ನಡೆಯುವಾಗ ನೆಲ ಅದುರುತ್ತಿತ್ತು, ಟೋಪಿಯ ಮೇಲೆಲ್ಲ ಹಿಟ್ಟು. ಎಲ್ಲರಿಗೂ ಎಲ್ಲರ ಮನೆಯ ಸಾರಿನ ರುಚಿ ಗೊತ್ತಿತ್ತು. ಬೆಳಗಾವಿ ಬರುವ ತನಕ ಅವರು ಹೇಳಿದರು. ನಾನು ನಡುನಡುವೆ ತೂಕಡಿಸುತ್ತ ಹೂಂಗುಟ್ಟಿದೆ.

ಮರುದಿನ ಬೆಳಿಗ್ಗೆ ಕಲ್ಯಾಣದಲ್ಲಿ ಇಳಿದು ಆಟೊ ಹಿಡಿದೆವು. ಸುರಕ್ಷತೆಯ ಕಾರಣಕ್ಕೆ ಊರಿನ ಹೆಸರು ಬರೆಯಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದರಿಂದ, ಥಾಣೆಯ ಆಚೆ ಎಂದಷ್ಟೇ ಹೇಳುತ್ತೇನೆ. ನವೆಂಬರ್ ಆದರೂ ಸೆಕೆ. ಫ್ಲೈಓವರ್‌ಗಳ ಕೆಳಗೆ ಹೊಗೆ ಕುಡಿಯುತ್ತ ಮುಕ್ಕಾಲು ಗಂಟೆ ಕೂತ ಮೇಲೆ ಸಿನಗಾಗ್ ಬಂತು. ಸ್ಯಾಮ್ಸನಣ್ಣ ಆಟೊದಿಂದ ಇಳಿದು, ಇದಲ್ಲ ಎಂದು ತಲೆಯಾಡಿಸಿದರು. ಗಿರಣಿ ಇರಲಿಲ್ಲ. ಅಲ್ಲಿದ್ದದ್ದು ಮೂರಂತಸ್ತಿನ ಬಿಳಿಯ ಕಟ್ಟಡ, ಎತ್ತರದ ಗೋಡೆ, ಗೇಟಿನಲ್ಲಿ ಮರಳಿನ ಮೂಟೆ, ಬಂದೂಕು ಹಿಡಿದ ಪೊಲೀಸು.

ಪೊಲೀಸು ಆಧಾರ್ ಕೇಳಿದ. ಮೈಸೂರಿನ ವಿಳಾಸ ನೋಡಿ, ಯಾರನ್ನು ನೋಡಬೇಕು ಎಂದ. ಸ್ಯಾಮ್ಸನಣ್ಣ ನಾಲ್ಕು ಹೆಸರು ಹೇಳಿದರು. ಒಂದೂ ಅವನಿಗೆ ಗೊತ್ತಿರಲಿಲ್ಲ. ಆ ನಾಲ್ವರಲ್ಲಿ ಇಬ್ಬರು ಇಸ್ರೇಲಿಗೆ ಹೋಗಿದ್ದರು, ಇನ್ನಿಬ್ಬರು ತೀರಿಕೊಂಡಿದ್ದರು ಎಂಬುದು ಆಮೇಲೆ ತಿಳಿಯಿತು. ಬಿಸಿಲಲ್ಲಿ ಕಾಲು ಗಂಟೆ ನಿಂತ ಮೇಲೆ ಒಳಗಿನಿಂದ ರೇಚಲ್ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಸಿನಗಾಗ್‌ನ ಕಾರ್ಯದರ್ಶಿ. ಅಲ್ಲೇ ಉಳಿಯಲು ನಾನು ನನ್ನ ಹೆಸರಿನಲ್ಲಿ ಫೋನಿನಲ್ಲಿ ಕೋಣೆ ಕಾದಿರಿಸಿದ್ದು ಅವರ ಬಳಿಯೇ. ಮರಾಠಿ ಬೆರೆತ ಹಿಂದಿಯಲ್ಲಿ ಕ್ಷಮೆ ಕೇಳುತ್ತ ನನ್ನ ಕೈಯಿಂದ ಚೀಲ ತೆಗೆದುಕೊಂಡರು.

ನಮಗೆ ಅವಲಕ್ಕಿ ಒಗ್ಗರಣೆ ತರಿಸಿಕೊಟ್ಟು, ತಿನ್ನುತ್ತಿದ್ದ ಹಾಗೇ ರೇಚಲ್ ಈ ಜಾಗ ಬೆಳೆದ ಬಗೆ ಹೇಳಿದರು. ಇಸ್ರೇಲಿಗೆ ಹೋಗುವವರ ಸಾಲು ಹತ್ತಿದಾಗ, ಇನ್ನು ಹತ್ತು ವರ್ಷಕ್ಕೆ ಬೀಗ ಹಾಕುವುದೇ ಎಂದು ಎಲ್ಲರೂ ಅಂದುಕೊಂಡಿದ್ದರಂತೆ. ಆದರೆ ಮುಂಬೈಯೊಳಗೆ ಬಾಡಿಗೆ ಏರಿದ ಹಾಗೆಲ್ಲ ಅಲ್ಲಿಯ ಕುಟುಂಬಗಳು ಒಂದೊಂದಾಗಿ ಈ ಕಡೆಗೆ ಬಂದವು. ಗಿರಣಿಯವನು ಜಾಗ ಮಾರಿದಾಗ ಚಂದಾ ಎತ್ತಿ ಕೊಂಡರು. ಮೊದಲು ಒಂದು ಹಾಲ್, ಮಕ್ಕಳು ಹೆಚ್ಚಾದ ಮೇಲೆ ಹೀಬ್ರೂ ಪಾಠಕ್ಕೆ ಕೋಣೆ, ಮದುವೆ ಹೆಚ್ಚಾದ ಮೇಲೆ ಅಡುಗೆಮನೆ, ಮುದುಕರು ಹೆಚ್ಚಾದ ಮೇಲೆ ಲಿಫ್ಟು. ಈಗ ಹಬ್ಬಗಳಲ್ಲಿ ಅಂಗಳಕ್ಕೆಲ್ಲ ಪ್ಲಾಸ್ಟಿಕ್ ಕುರ್ಚಿ ಹಾಕಿದರೂ ಸಾಲುವುದಿಲ್ಲ. ಬರುವವರಲ್ಲಿ ಅರ್ಧದಷ್ಟು ಮುಖಗಳ ಗುರುತು ತನಗೇ ಇಲ್ಲ ಎಂದರು. ಸ್ಯಾಮ್ಸನಣ್ಣ ಸುಮ್ಮನೆ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಅವರಿಗೆ ಹೆಮ್ಮೆಯಾಗಿತ್ತೋ ಬೇಸರವಾಗಿತ್ತೋ ನನಗೆ ಗೊತ್ತಾಗಲಿಲ್ಲ.

ಕೈ ತೊಳೆದು ಬಂದ ಮೇಲೆ ಅವರು, ನಾಳೆ ನನ್ನ ಹೆಂಡತಿಯ ವರ್ಷದ ದಿನ, ಕದ್ದೀಶ್ ಹೇಳಬೇಕು ಎಂದರು. ರೇಚಲ್ ಅವಳ ಹೆಸರು ಕೇಳಿದರು. ಫ್ಲೋರಾ ಎಂದೊಡನೆ ಆಕೆಯ ಮುಖ ಇಳಿಯಿತು. ಗೋಡೆಯ ಮೇಲಿದ್ದ ತಮ್ಮ ಕ್ಯಾಲೆಂಡರ್ ಕಡೆಗೊಮ್ಮೆ ನೋಡಿ, ಫ್ಲೋರಾಳ ದಿನ ಹೋದ ತಿಂಗಳೇ ಆಗಿಹೋಯಿತಲ್ಲ ಎಂದರು.

ನಾನು ವಾದಕ್ಕೆ ನಿಂತೆ. ಪಂಚಾಂಗ, ತಿಥಿ ಎಲ್ಲ ಹೇಳಿದೆ. ಆಕೆ ಸಮಾಧಾನದಿಂದ ಬಿಡಿಸಿ ಹೇಳಿದರು. ಅವರಲ್ಲೂ ಅಧಿಕ ಮಾಸವಿದೆ. ಆದರೆ ಅದು ಬರುವುದು ಯಾವಾಗಲೂ ಚಳಿಗಾಲದ ಕೊನೆಗೆ. ನಮಗೆ ಈ ವರ್ಷ ಅಧಿಕ ಶ್ರಾವಣ ಬಂದು ಎಲ್ಲ ಹಬ್ಬಗಳೂ ಒಂದು ತಿಂಗಳು ತಡವಾಗಿದ್ದವು. ಅವರ ತಿಂಗಳುಗಳು ನಮಗಾಗಿ ಕಾಯದೆ ಮುಂದೆ ಹೋಗಿದ್ದವು. ಅಷ್ಟು ವರ್ಷ ಅದೇ ಪಂಚಾಂಗದಿಂದ ಎಷ್ಟು ದಿನಗಳನ್ನು ತಪ್ಪಾಗಿ ಹೇಳಿದ್ದೆನೋ.

ಆಮೇಲೆ ರೇಚಲ್ ಇನ್ನೊಂದು ಮಾತು ಹೇಳಿದರು. ಫ್ಲೋರಾ ಹೋದಾಗ ಸ್ಯಾಮ್ಸನಣ್ಣ ಸಿನಗಾಗ್‌ಗೆ ಫೋನ್ ಮಾಡಿ ಸುದ್ದಿ ತಿಳಿಸಿದ್ದರಂತೆ, ಆ ದಿನವನ್ನು ರೇಚಲ್ ನೆನಪಿಟ್ಟಿದ್ದರು. ಹೋದ ತಿಂಗಳು ಸ್ಯಾಮ್ಸನಣ್ಣನ ಹಳೆಯ ನಂಬರಿಗೆ ಮಾಡಿದರೆ ಯಾರೂ ಎತ್ತಲಿಲ್ಲವಂತೆ. ದಿನ ತಪ್ಪಬಾರದೆಂದು ಬೆಂಜಮಿನ್ ಎಂಬುವರು ಹತ್ತು ಜನರ ನಡುವೆ ನಿಂತು ಅವಳ ಹೆಸರಿನಲ್ಲಿ ಕದ್ದೀಶ್ ಹೇಳಿದರು. ಬೆಂಜಮಿನ್‌ಗೆ ಮೆಡಿಕಲ್ ಶಾಪ್ ಇದೆ. ತಾಯಿ ಹೋಗಿ ಕೆಲವು ತಿಂಗಳಾಗಿದ್ದು, ಹನ್ನೊಂದು ತಿಂಗಳು ದಿನಾ ಹೇಳಬೇಕಾದ್ದರಿಂದ ಪ್ರತಿ ಬೆಳಿಗ್ಗೆ ಬರುತ್ತಾರೆ. ಫ್ಲೋರಾಳನ್ನು ಅವರು ಕಂಡೇ ಇರಲಿಲ್ಲ.

ಸ್ಯಾಮ್ಸನಣ್ಣ ಕುರ್ಚಿಯ ಕೈ ಹಿಡಿದು ಕೂತರು. ನನ್ನ ಕಡೆ ತಿರುಗಿ, "ಅಂಗಾದ್ರೆ ನಾನು ಬಂದಿದ್ದು ಯಾತಕ್ಕೆ ಸರೋಜಮ್ಮ?" ಎಂದರು.

ಅವರು ರಾತ್ರಿ ಊಟ ಬೇಡವೆಂದರು, ನಾಳೆಯೇ ಊರಿಗೆ ಹೋಗೋಣ ಎಂದರು. ಫೋನಿನಲ್ಲಿ ಹುಡುಕಿದರೆ ಯಾವ ರೈಲಿನಲ್ಲೂ ಜಾಗವಿಲ್ಲ. ನಮ್ಮ ವಾಪಸು ಟಿಕೆಟ್ ಇದ್ದದ್ದು ಮೂರು ದಿನ ಬಿಟ್ಟು. ಇಷ್ಟು ದೂರ ಮುರುಕು ಮೈ ಹೊತ್ತು ಬಂದು ಒಬ್ಬ ಮುದುಕನ ಮುನಿಸನ್ನು ಕಾಯುವ ಗತಿ ಬಂತಲ್ಲ ಎಂದು ನನಗೆ ಅಳುವಷ್ಟು ಸಿಟ್ಟು ಬಂದಿತ್ತು. ಸಿಟ್ಟು ಅವರ ಮೇಲೋ ನನ್ನ ಮೇಲೋ ತಿಳಿಯದೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದೆ.

ಬೆಳಿಗ್ಗೆ ರೇಚಲ್ ಬಂದು ಸ್ಯಾಮ್ಸನಣ್ಣನ ಬಾಗಿಲು ತಟ್ಟಿದರು. ಕೆಳಗೆ ಒಂಬತ್ತು ಜನ ಸೇರಿದ್ದಾರೆ, ಇನ್ನೊಬ್ಬರು ಬೇಕು, ಬೆಂಜಮಿನ್ ಅಂಗಡಿ ತೆರೆಯಬೇಕು ಎಂದರು. ಇಷ್ಟೊಂದು ಜನ ಇದ್ದೀರಿ, ಬೇರೆ ಯಾರನ್ನಾದರೂ ಕರೀರಿ ಎಂದು ಸ್ಯಾಮ್ಸನಣ್ಣ ಒಳಗಿನಿಂದಲೇ ಅಂದರು. ಹಬ್ಬದ ದಿನ ನಿಲ್ಲಲು ಜಾಗವಿರುವುದಿಲ್ಲ, ವಾರದ ದಿನ ಎಲ್ಲರಿಗೂ ಲೋಕಲ್ ಟ್ರೈನ್ ಹಿಡಿಯುವ ಅವಸರ ಎಂದು ರೇಚಲ್ ನಿಟ್ಟುಸಿರಿಟ್ಟರು. ಗಿರಣಿಯ ಕಾಲದಲ್ಲಿ ಹನ್ನೆರಡು ಮನೆಯಿಂದ ಹತ್ತು ಜನ ಸೇರುತ್ತಿದ್ದರು, ಈಗ ಹತ್ತನೆಯವರಿಗಾಗಿ ದಿನಾ ಫೋನ್ ಹಿಡಿದು ಕೂರಬೇಕಂತೆ.

ನನಗೆ ತಡೆಯಲಾಗಲಿಲ್ಲ. "ಫ್ಲೋರಾಗೆ ಹೇಳಿದ್ದು ಅವ್ರೇ ಅಲ್ವಾ ಸ್ಯಾಮ್ಸನಣ್ಣ? ಅವ್ರಮ್ಮನಿಗೆ ನೀವು ಹೋಗಿ ನಿಂತ್ಕೊಳಕ್ಕಾಗಲ್ವಾ?" ಎಂದೆ. ಆಮೇಲೆ ಒಳಗೆ ಕೋಲು ನೆಲಕ್ಕೆ ತಾಗಿದ್ದು ಕೇಳಿಸಿತು.

ಹೆಂಗಸರಿಗೆ ಜಾಗ ಮೇಲಿನ ಬಾಲ್ಕನಿಯಲ್ಲಿ. ರೇಚಲ್ ಜೊತೆ ಅಲ್ಲಿ ಕೂತು ಕೆಳಗೆ ನೋಡಿದೆ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದು ಎಂಬುದು ಅವರ ಪದ್ಧತಿ. ಪ್ರಾರ್ಥನೆ ನಡೆಸುವ ಹಿರಿಯರು ಹತ್ತು ಪದಗಳ ಒಂದು ವಾಕ್ಯ ಹೇಳುತ್ತ ಒಬ್ಬೊಬ್ಬರ ಮೇಲೆ ಒಂದೊಂದು ಪದ ಇಡುತ್ತ ಹೋದರು. ಕೊನೆಯ ಪದ ಬಾಗಿಲಲ್ಲಿ ಕೋಲೂರಿ ನಿಂತಿದ್ದ ಸ್ಯಾಮ್ಸನಣ್ಣನ ಮೇಲೆ ಬಿತ್ತು. ಹಿರಿಯರು ಪುಸ್ತಕ ತೆರೆದರು.

ಕದ್ದೀಶ್ ಬಂದಾಗ ಬೆಂಜಮಿನ್ ಎದ್ದು ನಿಂತರು. ಬೊಕ್ಕತಲೆಯ, ಕನ್ನಡಕದ, ಸುಸ್ತಾದ ಮನುಷ್ಯ. ಆ ಹಿರಿಯರು ಸ್ಯಾಮ್ಸನಣ್ಣನಿಗೂ ಏಳುವಂತೆ ಕೈ ತೋರಿಸಿದರು. ದಿನ ತಪ್ಪಿದವರು ನೆನಪಾದ ದಿನ ಹೇಳಬಹುದು ಎಂದು ರೇಚಲ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಇಬ್ಬರೂ ಒಟ್ಟಿಗೆ ಶುರು ಮಾಡಿದರು. ಎರಡು ಸಾಲಿಗೆ ಸ್ಯಾಮ್ಸನಣ್ಣ ತೊದಲಿದರು. ಬೆಂಜಮಿನ್ ಅವರ ಕಡೆ ನೋಡದೆಯೇ ತಮ್ಮ ಓಟ ತಗ್ಗಿಸಿ, ಒಂದೊಂದೇ ಪದ ಹೇಳಿ, ಅವರು ಬಂದು ಸೇರುವ ತನಕ ನಿಂತು, ಮುಂದೆ ಹೋದರು. ಉಳಿದವರು ಆಮೆನ್ ಎಂದರು. ಫ್ಲೋರಾ ಹೋದ ಮೇಲೆ ನಾನು ಸರಿಯಾಗಿ ಅತ್ತದ್ದು ಅವತ್ತೇ.

ಮುಂದಿನ ಎರಡು ದಿನ ಸ್ಯಾಮ್ಸನಣ್ಣ ಯಾರೂ ಕರೆಯುವ ಮುಂಚೆಯೇ ಕೆಳಗಿಳಿದಿದ್ದರು. ಹೊರಡುವ ದಿನ ನಾನು ಚೀಲ ಕಟ್ಟುತ್ತಿದ್ದಾಗ ಬಂದು, ತಾನು ಬರುವುದಿಲ್ಲ ಎಂದರು. ಬೆಂಜಮಿನ್‌ನ ಹನ್ನೊಂದು ತಿಂಗಳು ಮುಗಿಯುವ ತನಕ ಕೋಣೆ ಕೊಡಲು ರೇಚಲ್ ಒಪ್ಪಿದ್ದರಂತೆ. ನಾನು ರೇಗಿದೆ. ಬಿಪಿ ಮಾತ್ರೆ ಯಾರು ನೋಡುತ್ತಾರೆ, ಈ ಕಾಲಿಟ್ಟುಕೊಂಡು ಇಲ್ಲಿ ಬಿದ್ದರೆ ಯಾರು ಎತ್ತುತ್ತಾರೆ ಎಂದೆಲ್ಲ ಕೇಳಿದೆ.

"ಮೈಸೂರಲ್ಲಿ ನಾನಿದ್ರೆ ಒಬ್ಬ ಕಣಮ್ಮ," ಎಂದರು. "ಇಲ್ಲಿ ನಾನಿಲ್ದೆ ಓದ್ರೆ ಒಂಬತ್ತು."

ನಾನು ಚೀಲ ಎತ್ತಿಕೊಂಡು ಕೆಳಗಿಳಿದೆ. ಆಟೊ ತಿರುಗುವಾಗ ಹಿಂದೆ ನೋಡಿದೆ. ಗೇಟಿನ ಪೊಲೀಸು ಅವರಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟಿದ್ದ.

ವಾಪಸು ರೈಲಿನಲ್ಲಿ ನನ್ನೆದುರಿನ ಬರ್ತಿನಲ್ಲಿ ಮೀರಜಿನ ಸಂಸಾರವೊಂದು ಹತ್ತಿ ಹುಬ್ಬಳ್ಳಿಯ ತನಕ ಕಡಲೆಕಾಯಿ ಸುಲಿಯಿತು. ನನಗೆ ಯಾರೊಂದಿಗೂ ಮಾತು ಬೇಡವಾಗಿತ್ತು. ಫ್ಲೋರಾಳ ಕಡೆಯಿಂದ ಉಳಿದಿದ್ದ ಒಬ್ಬರನ್ನೂ ನಾನೇ ಕರೆದುಕೊಂಡು ಹೋಗಿ ಬಿಟ್ಟು ಬಂದೆನಲ್ಲ ಎಂಬ ಸಂಕಟ ಮೈಸೂರು ಮುಟ್ಟಿದರೂ ಕರಗಲಿಲ್ಲ.

ಬಂದ ಮರುದಿನ ಬೆಳಿಗ್ಗೆ ಕಾಫಿಗಿಟ್ಟು ಅವರಿಗೆ ಫೋನ್ ಮಾಡಿದೆ. ಮಾತ್ರೆ ತೆಗೆದುಕೊಂಡಿರಾ, ನಿದ್ದೆ ಬಂತಾ ಎಂದು ಕೇಳಲು ಶುರು ಮಾಡುವಷ್ಟರಲ್ಲಿ ಅವರು ಅವಸರದಿಂದ ನನ್ನ ಮಾತು ತಡೆದರು. ಮೂವತ್ತು ವರ್ಷದಲ್ಲಿ ನಾನು ಅವರ ಬಾಯಲ್ಲಿ ಕೇಳಿರದ ಮಾತು ಅದು.

"ಆಮೇಲ್ ಮಾಡ್ತೀನಿ ಇಡಿ ಸರೋಜಮ್ಮ. ಕೆಳಗೆ ನಂಗೋಸ್ಕರ ಕಾಯ್ತಾವ್ರೆ."