ಬಣಕಲ್‌ನ ಕೈನಾತ್ ಮತ್ತು ಎರಡು ಪೇಟೆಂಟ್ ಅರ್ಜಿಗಳು

ಬಣಕಲ್ ಬಸ್‌ಸ್ಟಾಪಿನ ಎದುರಿಗೆ ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟಿರುವ ಕೈನಾತ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರು ಹೇಳುತ್ತಾರೆ. ಆಕೆ ಅದನ್ನು ಒಪ್ಪುತ್ತಾಳೆ. ಅಪ್ಪ ಇಲಿಯಾಸ್ ಅದೇ ಅಂಗಡಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವರು. ಅವರು ತೀರಿಕೊಂಡಾಗ ಕೈನಾತ್ ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದಿದ್ದಳಷ್ಟೆ. ಅಂಗಡಿ ಮಾರಿಬಿಡಿ ಅಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದಳು. ಮದುವೆಯ ಮಾತು ಎರಡು ಕಡೆಯಿಂದ ಬಂತು. ಎರಡೂ ಕಡೆಯವರು ಅಂಗಡಿ ಬಿಡಬೇಕು ಅಂದಲ್ಲಿಗೆ ಮಾತು ನಿಂತಿತು. ತಾಯಿ ಜಮೀಲುನ್ನೀಸಾ ಸ್ವಲ್ಪ ದಿನ ಅತ್ತು, ಆಮೇಲೆ ತಾವೇ ಅಂಗಡಿಯ ಕೌಂಟರಿನಲ್ಲಿ ಕೂರತೊಡಗಿದರು. ಟಿವಿಗಳ ಕಾಲ ಮುಗಿದು ಎಸ್ಟೇಟುಗಳಲ್ಲಿ ಕ್ಯಾಮೆರಾ ಹಾಕಿಸುವ ಕಾಲ ಬಂದಿತ್ತು. ಏಣಿ ಹೊತ್ತ ಸ್ಕೂಟರಿನಲ್ಲಿ ಕೈನಾತ್ ಮೂಡಿಗೆರೆಯಿಂದ ಕಳಸದವರೆಗೆ ಓಡಾಡಿದಳು.

ನಂಜಮ್ಮ ಸತ್ತದ್ದು 2018ರ ಮಳೆಗಾಲದಲ್ಲಿ. ದೇವರಮನೆ ಬೆಟ್ಟದ ದಾರಿಯ ಮಂಜಯ್ಯನವರ ಎಸ್ಟೇಟಿನಲ್ಲಿ ಆಕೆ ಕೆಲಸಕ್ಕಿದ್ದಳು. ಬೆಳಗ್ಗೆ ಕೂಲಿಯವರ ಲೈನ್ ಮನೆಯಿಂದ ಹೊರಟು ಕಾಫಿ ಗಿಡಗಳ ನಡುವಿನ ದಾರಿ ತಿರುಗುತ್ತಿದ್ದಂತೆ ಒಂಟಿ ಸಲಗ ಎದುರಾಯಿತು. ತೋಟದ ಬೇಲಿಯಂಚಿನಲ್ಲಿ ಮಂಜಯ್ಯನವರು ಹೊರಗಿನವರಿಂದ ಹಾಕಿಸಿದ್ದ ಕ್ಯಾಮೆರಾ ಇತ್ತು. ಅದು ಆನೆಯನ್ನು ನೋಡಿತ್ತು; ನಂಜಮ್ಮ ಮನೆಯಿಂದ ಹೊರಬೀಳುವುದಕ್ಕೆ ಬಹಳ ಮೊದಲೇ ನೋಡಿತ್ತು. ಆದರೆ ಆ ವಿಡಿಯೊ ಮಂಜಯ್ಯನವರ ಫೋನಿಗೆ ಬಂದು ಮುಟ್ಟುವ ಹೊತ್ತಿಗೆ ನಂಜಮ್ಮನ ಹೆಣವನ್ನು ಜೀಪಿನಲ್ಲಿ ಮೂಡಿಗೆರೆಗೆ ಸಾಗಿಸಿ ಆಗಿತ್ತು.

ಹೀಗೇಕಾಯಿತು ನೋಡು ಎಂದು ಮಂಜಯ್ಯನವರು ಕೈನಾತ್‌ಳನ್ನು ಕರೆಸಿದರು. ಕ್ಯಾಮೆರಾ ಬಿಚ್ಚಿ ನೋಡಿದರೆ ಅದರಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ವಿಡಿಯೊವನ್ನು ಕುಗ್ಗಿಸಿ ಕಳಿಸುವ ಕ್ರಮದಲ್ಲಿ. ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಎಲ್ಲವನ್ನೂ ಇಡಿಯಾಗಿ ಕಳಿಸಿದರೆ ಯಾವ ನೆಟ್‌ವರ್ಕೂ ತಡೆಯುವುದಿಲ್ಲ. ಅದಕ್ಕೆ ಯಂತ್ರವು ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆಯೋ ಅಷ್ಟನ್ನೇ ಕಳಿಸುತ್ತದೆ. ಬಯಲುಸೀಮೆಯ ಗೋಡೌನಿಗೆ ಇದು ಸಾಕು. ಮಲೆನಾಡಿನ ಆಷಾಢದಲ್ಲಿ ಬದಲಾಗದೆ ಇರುವುದು ಯಾವುದು? ಹನಿ ಬೀಳುತ್ತದೆ, ಸಿಲ್ವರ್ ಓಕ್ ತೂಗುತ್ತದೆ, ಒಂದೊಂದು ಎಲೆಯೂ ಅಲ್ಲಾಡುತ್ತದೆ. ಯಂತ್ರ ಇದೆಲ್ಲವನ್ನೂ ಹೊಸ ಸುದ್ದಿ ಎಂದುಕೊಂಡು ಕಳಿಸಲು ಹೊರಟಿತ್ತು; ಆನೆಯ ಸುದ್ದಿ ಆ ಸಂತೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಕೈನಾತ್‌ಗೆ ಮೊದಲ ಸಲ ನಿಜವಾದ ಸಿಟ್ಟು ಬಂದದ್ದು ಆವತ್ತು. ಆ ಮಳೆಗಾಲ ಪೂರ್ತಿ ಅದರ ಹಿಂದೆ ಬಿದ್ದಳು. ಹಲವು ಸಲ ಕೆಟ್ಟಿತು. ಒಮ್ಮೆಯಂತೂ ಯಂತ್ರ ದನಗಳನ್ನು ಕಳಿಸಿ ಆನೆಯನ್ನೇ ಬಿಟ್ಟಿತು. ಕೊನೆಗೆ ಆಕೆ ಹಿಡಿದ ದಾರಿ ಸರಳವಾಗಿತ್ತು. ಎಲೆ ಎಷ್ಟೇ ತೂಗಿದರೂ ಮತ್ತೆ ತನ್ನ ಜಾಗಕ್ಕೇ ಬರುತ್ತದೆ, ಆನೆ ಬರುವುದಿಲ್ಲ. ಮರಳಿ ಬರುವ ಚಲನೆಯನ್ನು ಬಿಟ್ಟುಬಿಡಬೇಕು, ಮರಳದೆ ಮುಂದೆ ಹೋಗುವುದನ್ನು ಮಾತ್ರ ಕಳಿಸಬೇಕು. ಹಾಗೆ ಮಾಡಿದ ಮೇಲೆ ಒಂದೇ ಗೆರೆ ಸಿಗ್ನಲ್ ಇದ್ದರೂ, ಹುಚ್ಚು ಮಳೆ ಹೊಡೆಯುತ್ತಿದ್ದರೂ, ಆನೆಯ ವಿಡಿಯೊ ಫೋನಿಗೆ ತಟ್ಟನೆ ಬರತೊಡಗಿತು.

ಮರುವರ್ಷ ಮೂಡಿಗೆರೆಯ ಬೆಳೆಗಾರರ ಸಭೆಯಲ್ಲಿ ಅವಳು ಇದನ್ನು ತೋರಿಸಿದಳು. ಸಂಘದವರು ಅವಳ ಮಾತನ್ನು ಪೂರ್ತಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರು. ಯಾರೋ ಪೇಟೆಂಟ್ ಮಾಡಿಸು ಅಂದರೆಂದು ಆಕೆ ಬೆಂಗಳೂರಿನ ಒಬ್ಬ ಏಜೆಂಟರಿಗೆ ಫೋನ್ ಮಾಡಿದಳು. ಅವರು ಎರಡು ಮಾತಿನಲ್ಲಿ ಮುಗಿಸಿದರು: ಇದು ಬರೀ ಲೆಕ್ಕಾಚಾರದ ಕ್ರಮ, ಅದಕ್ಕೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ, ಮೇಲಾಗಿ ನೀವು ಆಗಲೇ ಎಲ್ಲರಿಗೂ ತೋರಿಸಿಬಿಟ್ಟಿದ್ದೀರಿ. ಕೈನಾತ್ ಫೋನ್ ಇಟ್ಟು ತನ್ನ ಕೆಲಸಕ್ಕೆ ಹೋದಳು. ಎಸ್ಟೇಟಿನಿಂದ ಎಸ್ಟೇಟಿಗೆ ಅವಳ ಕ್ಯಾಮೆರಾ ಹರಡಿತು.

ಆ ಯೂಟ್ಯೂಬ್ ನೋಡಿಯೇ ಅಶ್ವಿನ್ ಬಂದದ್ದು. ಬೆಂಗಳೂರಿನ ಕ್ಯಾಮೆರಾ ಕಂಪನಿಯೊಂದರ ಎಂಜಿನಿಯರ್, ಮೆಲುಮಾತಿನವನು. ಕೈನಾತ್‌ಗೆ ಅಕ್ಕ ಅಂದ, ಜಮೀಲುನ್ನೀಸಾಗೆ ಅಮ್ಮ ಅಂದ. ಹಲವು ದಿನ ಅವಳ ಜೊತೆ ತೋಟಗಳನ್ನು ಸುತ್ತಿ, ಅವರ ಮನೆಯಲ್ಲೇ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿ, ಮೀನುಸಾರು ಉಂಡ.

"ಅಕ್ಕಾ, ಕೊಂಬೆ ಮುರಿದು ಬಿದ್ರೆ? ಅದೂ ತನ್ನ ಜಾಗಕ್ಕೆ ವಾಪಸ್ ಬರಲ್ವಲ್ಲ?" ಎಂದು ಒಂದು ದಿನ ಕೇಳಿದ.

"ಬಿದ್ದದ್ದು ನೆಲದಲ್ಲಿ ನಿಂತುಬಿಡ್ತದೆ ಮಾರಾಯ. ಆನೆ ನಿಲ್ಲೂದಿಲ್ಲ. ಸ್ವಲ್ಪ ಕಾದು ನೋಡ್ಬೇಕು, ಅಷ್ಟೆ," ಅಂದಳು ಕೈನಾತ್.

ಅವನು ತಲೆದೂಗಿದ. ಒಟ್ಟಿಗೆ ಕೆಲಸ ಮಾಡೋಣ, ಕಂಪನಿಯಲ್ಲಿ ಮಾತಾಡುತ್ತೇನೆ ಎಂದು ಹೇಳಿಹೋದವನು ಮತ್ತೆ ಫೋನ್ ಎತ್ತಲಿಲ್ಲ.

2024ರಲ್ಲಿ ಮಂಜಯ್ಯನವರಿಂದ ಕರೆ ಬಂತು. ಅವಳು ಹೋಗುವಷ್ಟರಲ್ಲಿ ಅವರ ಆಳುಗಳು ಅವಳ ಕ್ಯಾಮೆರಾಗಳನ್ನು ಬಿಚ್ಚಿ ಕಣದ ಮೂಲೆಯಲ್ಲಿ ಗುಡ್ಡೆ ಹಾಕಿದ್ದರು.

"ಬೆಂಗಳೂರಿನ ಆ ಕ್ಯಾಮೆರಾ ಕಂಪನಿಯ ವಕೀಲರ ನೋಟಿಸ್ ಬಂದದೆ ಕೈನಾತ್. ಈ ಟೆಕ್ನಾಲಜಿ ಅವರದ್ದಂತೆ. ನಿನ್ನದು ಇಟ್ಕೊಂಡ್ರೆ ನಮ್ಮ ಮೇಲೆ ಕೇಸ್ ಹಾಕ್ತಾರಂತೆ," ಅಂದರು ಮಂಜಯ್ಯ.

"ಇದು ಯಾರು ಮಾಡಿದ್ದು ಅಂತ ನಿಮಗೆ ಗೊತ್ತಿಲ್ವಾ? ನಿಮ್ಮ ತೋಟದಲ್ಲೇ ಮಾಡಿದ್ದು."

"ನಂಗೆ ಗೊತ್ತಿದೆ. ಆದ್ರೆ ನನಗ್ಯಾಕೆ ಕೋರ್ಟು? ಬೇಜಾರು ಮಾಡ್ಕೋಬೇಡ."

"ಬೇಜಾರಲ್ಲ ಇದು," ಅಂದಳು ಕೈನಾತ್. ಗುಡ್ಡೆಯಲ್ಲಿದ್ದ ಕ್ಯಾಮೆರಾಗಳನ್ನು ಒಂದೊಂದಾಗಿ ಗೋಣಿಗೆ ತುಂಬಿಕೊಂಡಳು. ಆಳೊಬ್ಬ ಸಹಾಯಕ್ಕೆ ಬಂದರೆ ಕೈ ಒದರಿದಳು. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ರಸ್ತೆಬದಿಯ ಕಲ್ಲಿನ ಮೇಲೆ ಕೂತು, ಅಶ್ವಿನ್‌ನನ್ನು ಬಾಯಿಗೆ ಬಂದಂತೆ ಬೈದಳು. ಬೈದು ಮುಗಿದ ಮೇಲೂ ಸಿಟ್ಟು ಹಾಗೇ ಇತ್ತು.

ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಅರ್ಜಿಗಳನ್ನು ಯಾರು ಬೇಕಾದರೂ ಓದಬಹುದು. ಕೈನಾತ್ ಕಂಪನಿಯ ಅರ್ಜಿಯನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ಕೂತಳು. ವಕೀಲಿ ಇಂಗ್ಲಿಷಿನ ಪೊದೆ ಸರಿಸಿ ಸರಿಸಿ ಮುಂದೆ ಹೋದರೆ ಒಳಗೆ ಅವಳದೇ ಮಾತುಗಳು. ಲೆಕ್ಕಾಚಾರಕ್ಕೆ ಪೇಟೆಂಟ್ ಇಲ್ಲ ಎಂಬುದನ್ನು ದಾಟಲು 'ಮೆಮೊರಿ ಮತ್ತು ಪ್ರೊಸೆಸರ್ ಉಳ್ಳ ಸಾಧನ' ಎಂಬ ಅಂಗಿ ತೊಡಿಸಿದ್ದರು. ಬಿದ್ದ ವಸ್ತು ನೆಲದಲ್ಲಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಕಾದು ನೋಡಬೇಕು ಎಂಬುದು ಕೂಡ ಒಂದು ಹಕ್ಕುಕೋರಿಕೆಯಾಗಿ ಅಲ್ಲಿ ಕೂತಿತ್ತು. ಕಂಡುಹಿಡಿದವರು: ಅಶ್ವಿನ್ ಮತ್ತು ಅವನ ಮೇಲಧಿಕಾರಿ.

ಅದನ್ನು ತಾಯಿಗೆ ಓದಿ ಹೇಳಿದಳು. "ಊಟ ಹಾಕಿದ್ದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ನಿನ್ನ ಹೆಸರು ಅವನಿಗೆ ಗೊತ್ತಿತ್ತಲ್ಲ. ದಿನಾ ಕೈನಾತಕ್ಕಾ ಅಂತ ಕರೀತಿದ್ದ," ಅಂದರು ಜಮೀಲುನ್ನೀಸಾ.

ಕೈನಾತ್ ಕಾಗದಗಳನ್ನು ಚಿಕ್ಕಮಗಳೂರಿನ ವಕೀಲೆ ರಂಜಿತಾ ಬಳಿಗೆ ಒಯ್ದಳು. ಅವರು ಜಮೀನು ತಕರಾರುಗಳನ್ನು ನಡೆಸುವವರು. ಪೇಟೆಂಟ್ ಕೇಸನ್ನು ಒಮ್ಮೆಯೂ ಮುಟ್ಟಿದವರಲ್ಲ, ಅದನ್ನು ಮೊದಲೇ ಹೇಳಿದರು. ಒಂದು ವಾರ ಕಾನೂನು ಓದಿ ಕೈನಾತ್‌ಳನ್ನು ಕರೆಸಿಕೊಂಡರು.

"ಪೇಟೆಂಟ್ ಇನ್ನೂ ಸಿಕ್ಕಿಲ್ಲ ಇವರಿಗೆ, ಪರೀಕ್ಷೆ ನಡೀತಾ ಇದೆ. ನೋಟಿಸ್ ಬರೀ ಹೆದರಿಸೋಕೆ. ಮಂಜೂರಾಗೋಕೆ ಮುಂಚೆ ಯಾರು ಬೇಕಾದ್ರೂ ವಿರೋಧ ಸಲ್ಲಿಸಬಹುದು," ಅಂದರು.

"ಸಲ್ಲಿಸಿದ್ರೆ ಅದು ನಂದಾಗ್ತದಾ?"

"ಇಲ್ಲ. ನೀವು ಎಲ್ಲರೆದುರು ತೋರಿಸಿದ್ದು ಯೂಟ್ಯೂಬಿನಲ್ಲಿದೆ, ಅವರ ಅರ್ಜಿಗಿಂತ ಮೊದಲಿನದು. ಹಾಗಾಗಿ ಅವರಿಗೆ ಅದು ಹೊಸದು ಅನ್ನೋಕಾಗಲ್ಲ. ಅದೇ ಕಾರಣಕ್ಕೆ ನಿಮಗೂ ಸಿಗಲ್ಲ."

"ಅಂದ್ರೆ ನಾನು ಮಾಡಿದ್ದು ಯಾರದ್ದೂ ಅಲ್ಲ."

"ಎಲ್ಲರದ್ದು."

"ಎಲ್ಲರೂ ಎಲ್ಲಿದ್ರು, ನಾನು ಮಳೇಲಿ ಏಣಿ ಮೇಲಿದ್ದಾಗ?" ಎಂದು ಕೈನಾತ್ ಕುರ್ಚಿ ಬಿಟ್ಟು ಎದ್ದಳು. ರಂಜಿತಾ ತಡೆಯಲಿಲ್ಲ. ಕಾರಿಡಾರಿನಲ್ಲಿ ಎರಡು ಸುತ್ತು ಹೊಡೆದು ಬಂದು, "ನಂಗೆ ಸಿಗದಿದ್ರೆ ಬೇಡ. ಅವನಿಗೆ ಸಿಗಬಾರ್ದು. ಹಾಕಿ," ಅಂದಳು.

ಓದುತ್ತ ಹೋದಂತೆ ಇಬ್ಬರಿಗೂ ಇನ್ನೊಂದು ಸಂಗತಿ ತಿಳಿಯಿತು. ಕಂಪನಿ ಹಾಕಿದ್ದು ಎರಡು ಅರ್ಜಿ. ಮರಳಿ ಬರುವ ಚಲನೆಯನ್ನು ಕಳಿಸಬಾರದು ಎಂಬುದು ಮೊದಲನೆಯದು. ಮರಳಿ ಬಾರದ ಚಲನೆಯನ್ನು ಮಾತ್ರ ಕಳಿಸಬೇಕು ಎಂಬುದು ಎರಡನೆಯದು. ಒಂದೇ ಬಾಗಿಲನ್ನು ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ ವರ್ಣಿಸಿ ಎರಡು ಬಾಗಿಲು ಅಂದಂತಿತ್ತು. ಒಂದು ಬಿದ್ದುಹೋದರೂ ಇನ್ನೊಂದು ಕೈಯಲ್ಲಿರಲಿ ಎಂಬ ಲೆಕ್ಕ. ಅರ್ಜಿಯನ್ನು ಪರೀಕ್ಷಿಸಿದ ಅಧಿಕಾರಿ ಇದನ್ನು ಆಗಲೇ ಹಿಡಿದಿದ್ದರು. ಎರಡರ ಹಕ್ಕುಕೋರಿಕೆಗಳೂ ಒಂದರ ಮೇಲೊಂದು ಬರುತ್ತವೆ ಎಂದು ವರದಿಯಲ್ಲಿ ಆಕ್ಷೇಪ ಎತ್ತಿದ್ದರು. ಅದಕ್ಕೆ ಕಂಪನಿ ಕೊಟ್ಟ ಉತ್ತರ: ಎರಡನೆಯದು ಮಳೆ ಬೀಳುವಾಗಿನ ದೃಶ್ಯಕ್ಕೆಂದೇ ಮಾಡಿದ್ದು, ಆದ್ದರಿಂದ ಬೇರೆ.

ಕೈನಾತ್‌ಳ ವಿರೋಧ ಸಲ್ಲಿಕೆಯಾದ ಮೇಲೆ ಕಂಪನಿ ಅದಕ್ಕೂ ಉತ್ತರ ಕೊಟ್ಟಿತು. ಬಣಕಲ್‌ನ ಮಹಿಳೆ ತೋರಿಸಿದ್ದು ಬರೀ ಮಳೆಯ ದೃಶ್ಯಕ್ಕೆ. ನಮ್ಮದು ಮಳೆಗೆ ಸೀಮಿತವಲ್ಲ, ಆದ್ದರಿಂದ ಬೇರೆ.

ಕೈನಾತ್ ಎರಡು ಉತ್ತರಗಳನ್ನೂ ಅಕ್ಕಪಕ್ಕ ಇಟ್ಟು ಓದಿದಳು. ಕದ್ದದ್ದಕ್ಕಿಂತ ಈ ನಿರಾಳ ಸುಳ್ಳು ಅವಳನ್ನು ಹೆಚ್ಚು ಕೆರಳಿಸಿತು. ಪರೀಕ್ಷಕರ ಮುಂದೆ ಮಳೆ ಬೇಕು, ಅವಳ ಮುಂದೆ ಮಳೆ ಬೇಡ. ಪರೀಕ್ಷಕರಿಗೆ ಕೊಟ್ಟದ್ದನ್ನು ಅವಳು, ಅವಳಿಗೆ ಕೊಟ್ಟದ್ದನ್ನು ಪರೀಕ್ಷಕರು ಓದಲಾರರು ಎಂದು ಕಂಪನಿಯವರು ಎಣಿಸಿದ್ದರು.

ವಿಚಾರಣೆ 2025ರ ಜೂನಿನಲ್ಲಿ ವಿಡಿಯೊ ಮೂಲಕ ನಡೆಯಿತು. ರಂಜಿತಾ ಅವರ ಆಫೀಸಿನಲ್ಲಿ ಇಬ್ಬರೂ ಕೂತರು. ಪರದೆಯಲ್ಲಿ ತೀರ್ಪು ಕೊಡಬೇಕಾದ ಪೇಟೆಂಟ್ ನಿಯಂತ್ರಕರು, ಕಂಪನಿಯ ವಕೀಲರು, ಹಿಂದೆ ಒಂದು ಮೂಲೆಯಲ್ಲಿ ಅಶ್ವಿನ್. ಕೈನಾತ್ ಮೊದಲು ಚೆನ್ನಾಗಿಯೇ ಹೇಳಿದಳು. ಆದರೆ ಕಂಪನಿಯ ವಕೀಲರು 'ಸ್ಥಳೀಯ ರಿಪೇರಿ ಕೆಲಸದವರ ಅಸ್ಪಷ್ಟ ಪ್ರದರ್ಶನ' ಎಂದದ್ದೇ ತಡ, ಅವಳ ತಾಳ್ಮೆ ಹರಿಯಿತು.

"ಅಶ್ವಿನ್, ನೀನೇ ಹೇಳು. ಅಸ್ಪಷ್ಟ ಆಗಿದ್ರೆ ನಮ್ಮನೇಲಿ ಅಷ್ಟು ದಿನ ಎಂತ ಬರ್ಕೊಂಡೆ? ತಲೆ ಎತ್ತಿ ಹೇಳು," ಎಂದು ಕೂಗಿದಳು.

ವೈಯಕ್ತಿಕ ಆರೋಪ ಬೇಡ, ಯಾರಿಂದ ಯಾರು ಕಲಿತರು ಎಂಬುದು ಈ ವಿಚಾರಣೆಗೆ ಸಂಬಂಧಿಸಿದ್ದಲ್ಲ ಎಂದು ನಿಯಂತ್ರಕರು ಅವಳನ್ನು ತಡೆದರು. ಆ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ತನ್ನ ಮಟ್ಟಿಗೆ ಸಂಬಂಧಿಸಿದ್ದು ಅದೊಂದೇ ಆಗಿತ್ತು. ರಂಜಿತಾ ಮೈಕ್ ಆರಿಸಿ ಅವಳ ಭುಜ ಹಿಡಿದು ಕೂರಿಸಿದರು. ಆಮೇಲೆ ಮೈಕ್ ಹಾಕಿ, ಕಂಪನಿಯ ಎರಡು ಉತ್ತರಗಳನ್ನೂ ಸಾವಕಾಶವಾಗಿ ಓದಿದರು.

ನಿಯಂತ್ರಕರು ಕನ್ನಡಕ ತೆಗೆದು ಕಂಪನಿಯ ವಕೀಲರನ್ನು ಕೇಳಿದರು: "ನಿಮ್ಮ ಆವಿಷ್ಕಾರಕ್ಕೆ ಮಳೆ ಬೇಕೋ ಬೇಡವೋ? ನಿಮ್ಮ ಎರಡು ಉತ್ತರಗಳಲ್ಲಿ ನಾನು ಯಾವುದನ್ನು ಹಿಡಿಯಲಿ?"

ವಕೀಲರು ತಮ್ಮ ಕಾಗದ ಮಗುಚಿದರು. ಲಿಖಿತವಾಗಿ ಸಲ್ಲಿಸುತ್ತೇವೆ ಅಂದರು.

ಆದೇಶ ಚಳಿಗಾಲದಲ್ಲಿ ಬಂತು. ಎರಡನೆಯ ಅರ್ಜಿ ತಿರಸ್ಕೃತ: ಮೊದಲನೆಯದರ ಮೇಲೇ ಬರುತ್ತದೆ, ಮತ್ತು ಸಾರ್ವಜನಿಕವಾಗಿ ಮೊದಲೇ ತಿಳಿದಿದ್ದು. ಮೊದಲನೆಯದನ್ನು ಕಂಪನಿ ತಾನೇ ಕತ್ತರಿಸಿ, ತನ್ನದೇ ತಯಾರಿಕೆಯ ಒಂದು ಬಗೆಯ ಶಾಖ ಗುರುತಿಸುವ ಕ್ಯಾಮೆರಾಗೆ ಮಾತ್ರ ಸೀಮಿತ ಮಾಡಿಕೊಂಡಿತು. ಅಷ್ಟಕ್ಕೆ ಪೇಟೆಂಟ್ ಸಿಕ್ಕಿತು. ಕೈನಾತ್‌ಳ ಕ್ಯಾಮೆರಾಗಳಿಗೆ ಇನ್ನು ಯಾವ ಅಡ್ಡಿಯೂ ಇರಲಿಲ್ಲ. ರಂಜಿತಾ ಗೆದ್ದೆವು ಎಂದು ಫೋನ್ ಮಾಡಿದಾಗ ಆಕೆ ಅಶ್ವಿನ್ ಹೆಸರು ಈಗಲೂ ಆ ಪೇಟೆಂಟಿನ ಮೇಲಿದೆಯೇ ಎಂದಷ್ಟೇ ಕೇಳಿದಳು. ಇದೆ, ಅಂದರು ರಂಜಿತಾ.

ಸುದ್ದಿ ತಿಳಿದು ಮಂಜಯ್ಯನವರು ಅಂಗಡಿಗೇ ಬಂದರು. ಕ್ಯಾಮೆರಾ ಮತ್ತೆ ಹಾಕಿಕೊಡಬೇಕಂತೆ. ಆನೆಗಳು ಆಗಲೇ ಕೆಳಗಿನ ತೋಟಕ್ಕೆ ಇಳಿದಿವೆ. ಜಮೀಲುನ್ನೀಸಾ ಕುರ್ಚಿ ಕೊಟ್ಟರು. ಕೈನಾತ್ ಕೂರಲಿಲ್ಲ.

"ಹಾಕ್ತೀನಿ. ಲೈನಿನಲ್ಲಿ ಜನ ಇದ್ದಾರೆ, ಅವರಿಗೋಸ್ಕರ ಹಾಕ್ತೀನಿ. ಆದ್ರೆ ಬೆಳೆಗಾರರ ಮುಂದಿನ ಸಭೆಯಲ್ಲಿ ನೀವು ಎದ್ದು ನಿಂತು ಹೇಳ್ಬೇಕು. ಇದು ಯಾರು ಮಾಡಿದ್ದು, ಎಲ್ಲಿ ಮಾಡಿದ್ದು, ನೋಟಿಸ್ ಬಂದ ಕೂಡಲೇ ಯಾರು ಬಿಚ್ಚಿ ಹಾಕಿದ್ದು. ಮೂರೂ ಹೇಳ್ಬೇಕು."

ಮಂಜಯ್ಯನವರ ಮುಖ ಕೆಂಪಾಯಿತು. ಈ ವಯಸ್ಸಿನವರೆಗೆ ಅವರ ಹತ್ತಿರ ಯಾರೂ ಹಾಗೆ ಮಾತಾಡಿದ್ದಿಲ್ಲ. ಆದರೂ ಸಭೆಯಲ್ಲಿ ಎದ್ದು ನಿಂತರು. "ನಮ್ಮ ಬಣಕಲ್‌ನ ಹುಡುಗಿ ಒಬ್ಬಳು..." ಎಂದು ಶುರು ಮಾಡಿದರು.

"ಹೆಸರು," ಅಂದಳು ಕೈನಾತ್, ಹಿಂದಿನ ಸಾಲಿನಿಂದ.

ಮಂಜಯ್ಯನವರು ಅವಳ ಹೆಸರು ಹೇಳಿದರು. ಮೂರನೆಯ ಮಾತಿಗೆ ಬಂದಾಗ ಅವರ ದನಿ ತಗ್ಗಿತು, ಆದರೆ ಬಿಡದೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಕೈನಾತ್‌ಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಊಟಕ್ಕೆ ನಿಲ್ಲದೆ ಹೊರಬಂದು, ಸ್ಕೂಟರಿಗೆ ಏಣಿ ಕಟ್ಟಿ, ಕಳಸದ ಕಡೆಗೆ ಹೊರಟಳು. ಅಲ್ಲಿಯ ಮೂರು ಎಸ್ಟೇಟಿನವರು ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಿಕೊಡಿ ಎಂದು ಕಾಯುತ್ತಿದ್ದರು.