ಇಳಿದು ನಡೆಯಲು ಬರುವ ಕ್ಲೀಟು

ಪ್ರತಿ ಭಾನುವಾರ ಬೆಳಿಗ್ಗೆ ಬಾಗಲಕೋಟೆಯಿಂದ ಕಮತಗಿಗೆ ನನ್ನೊಡನೆ ಸೈಕಲ್ ತುಳಿಯುತ್ತಿದ್ದವರು ನಮ್ಮ ಓಣಿಯ ಡ್ರಾಯಿಂಗ್ ಮಾಸ್ತರರು. ನನ್ನ ಶೂವಿನ ಅಡಿಗೆ ರೇಸಿನವರ ಅಗಲ ಕ್ಲೀಟು, ಶೂವನ್ನು ಪೆಡಲಿಗೆ ಸಿಕ್ಕಿಸುವ ಕೊಂಡಿ. ಪೆಡಲಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು, ಇಳಿದರೆ ಜಾರುತ್ತಿತ್ತು. ಅವರದು ಅಟ್ಟೆಯೊಳಗೆ ಹುದುಗಿದ ಸಣ್ಣದು.

"ಜೋರ್ ಹೋಗೂದು ನಿನಗಿರ್ಲಿ ತಮ್ಮಾ, ನನಗ ಇಳದು ನಡ್ಯಾಕ ಬರಬೇಕು," ಎನ್ನುತ್ತಿದ್ದರು.

ಒಮ್ಮೆ ಕಮತಗಿಯ ಚಹಾದಂಗಡಿ ಅಜ್ಜ ಎದುರಾದರು. ಮಾಸ್ತರರು ಬ್ರೇಕು ಹಿಡಿದವರೇ, ಹಿಮ್ಮಡಿ ತಿರುಗಿಸಿ ಪೆಡಲಿನಿಂದ ಶೂ ಬಿಡಿಸಿಕೊಳ್ಳುವುದನ್ನು ಮರೆತು, ಎರಡೂ ಕೈ ಜೋಡಿಸಿದರು. ಸೈಕಲ್ ಸಮೇತ ಉರುಳಿದರು. ಮಣ್ಣಲ್ಲಿ ಬಿದ್ದರೂ ಜೋಡಿಸಿದ ಕೈ ಬಿಡಲಿಲ್ಲ.

"ಶರಣ್ರಿ, ಅಜ್ಜಾರ!"

"ಮೊದಲ ಏಳ್ರಿ, ಮಾಸ್ತರ!"

ಮಾಸ್ತರರು ತೀರಿಕೊಂಡ ಮೇಲೆ ನಾನೂ ಆ ಸಣ್ಣ ಕ್ಲೀಟನ್ನೇ ಹಾಕಿಸಿದೆ. ಈಗ ಕಮತಗಿಯಲ್ಲಿ ಇಳಿದು ಅಂಗಡಿಯವರೆಗೆ ನಡೆಯುತ್ತೇನೆ. ಚಹಾ ಕೊಡುವ ಮೊದಲು ಅಜ್ಜ ನನ್ನ ಹಿಂದಿನ ರಸ್ತೆಯನ್ನು ನೋಡುತ್ತಾರೆ.

ನಾನೂ ತಿರುಗಿ ನೋಡುತ್ತೇನೆ.