ತಳ ಚೊಕ್ಕವಿದ್ದ ಚೀಲ

ಸಿಂದಗಿಯ ಬಂದೇನವಾಜ ಅತ್ತಾರನ ಅಂಗಡಿಗೆ ಬೇರು ಮಾರಲು ಬಂದ ರೈತ ಮೊದಲು ಚಹಾ ಕುಡಿಯಬೇಕು, ಆಮೇಲೆ ಬೈಸಿಕೊಳ್ಳಬೇಕು. ಈ ಕ್ರಮ ಎಂದೂ ತಪ್ಪಿದ್ದಿಲ್ಲ. ಚೀಲದ ಬಾಯಿ ಬಿಚ್ಚಿ ಮೇಲಿನ ಮಾಲು ನೋಡಿ ತಲೆಯಾಡಿಸುವ ಪೈಕಿ ಅಲ್ಲ ಈ ಮನುಷ್ಯ. ಮೊಳಕೈ ಮುಳುಗುವ ತನಕ ಕೈ ಇಳಿಸಿ, ಒಂದು ಬೇರು ಎಳೆದು, ಚಟ್ಟನೆ ಮುರಿದು, ಮೂಸಿ, ಕೊನೆಗೆ ಬಾಯಿಗೆ ಹಾಕಿ ಜಗಿಯುತ್ತಾನೆ. ಹಸಿ ಇದ್ದರೆ, ಹುಳ ಬಿದ್ದಿದ್ದರೆ, ಮಣ್ಣು ಕಚ್ಚಿಕೊಂಡಿದ್ದರೆ ಮುಗೀತು.

“ಇದನ್ನ ನಿಮ್ಮವ್ವಗ ಕೊಡ್ತಿಯೇನು? ಕೊಡೂದಿಲ್ಲಂದ್ರ ಮಂದಿ ಅವ್ವಗ ಯಾಕ ಕೊಡ್ತಿ?”

ಹೊರ್ತಿಯಿಂದ, ಮನಗೂಳಿಯಿಂದ, ಅತ್ತ ಮುದ್ದೇಬಿಹಾಳದ ಕಡೆಯಿಂದ ಅಶ್ವಗಂಧದ ಬೇರು ತರುವವರಿಗೆಲ್ಲ ಈ ಬೈಗುಳ ಬಾಯಿಪಾಠ. ಆದರೂ ಹುಡುಕಿಕೊಂಡು ಅವನ ಅಂಗಡಿಗೇ ಬರುತ್ತಾರೆ. ಚೊಕ್ಕ ಮಾಲು ತಂದವನ ಜೊತೆ ಅವನು ಚೌಕಾಸಿಗೆ ಇಳಿಯುವುದಿಲ್ಲ, ಅದಕ್ಕೆ.

ಅಜ್ಜನ ಕಾಲದಿಂದ ಅತ್ತರು, ಊದುಬತ್ತಿ, ಬೇರು ನಾರು ಮಾರಿಕೊಂಡು ಬಂದ ಮನೆತನ ಅದು. ಈಗ ಕೆಲವು ವರ್ಷಗಳಿಂದ ಬೇರನ್ನು ಪುಡಿ ಮಾಡಿ ಇಂಡಿ ಪಟ್ಟಣದ ಒಂದು ಔಷಧಿ ಕಾರ್ಖಾನೆಗೆ ಕಳಿಸುತ್ತಾನೆ. ಅಂಗಡಿಯ ಹಿಂದೆಯೇ ಮನೆ, ಮನೆಯ ಹಿತ್ತಲಲ್ಲಿ ಪುಡಿ ಮಾಡುವ ಗಿರಣಿ. ಅತ್ತಾರನ ಪುಡಿ ಅಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಅನ್ನುವ ಮಾತು ಊರಲ್ಲಿತ್ತು. ಬಂದೇನವಾಜನಿಗೆ ಹೊಲವಿಲ್ಲ, ಮಾಳಿಗೆಯ ಮೇಲೆ ಮಾಳಿಗೆ ಇಲ್ಲ. ಇದ್ದದ್ದು ಆ ಮಾತೊಂದೇ. ಅದರ ಜಂಬವೂ ಬೇಕಾದಷ್ಟಿತ್ತು ಅನ್ನಿ.

ಹೋದ ವರ್ಷ ಅವನ ಎದೆ ಕೈಕೊಟ್ಟಿತು. ಸೊಲ್ಲಾಪುರದ ದವಾಖಾನೆಗೆ ಒಯ್ದರು, ಎದೆ ಸೀಳಿ ಹೊಲಿದರು. ಮನೆಗೆ ಬಂದಾಗ ಅರ್ಧ ಆಳಾಗಿದ್ದ. ಧೂಳಿನ ಹತ್ತಿರ ಸುಳಿಯಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಅವನು ಅಂಗಡಿಯ ಗಾದಿಗೆ ಅಂಟಿಕೊಂಡ. ಬೇರು ತೊಳೆಸುವುದು, ಮಾಳಿಗೆಯ ಮೇಲೆ ಒಣಗಿಸುವುದು, ಪುಡಿ ಮಾಡಿ ಜರಡಿ ಹಿಡಿದು ಚೀಲ ಹೊಲಿಯುವುದು, ಎಲ್ಲವೂ ಹೆಂಡತಿ ಅಬಿದಾಳ ಪಾಲಿಗೆ ಬಂತು. ಸ್ವಚ್ಛದ ವಿಷಯದಲ್ಲಿ ಅಬಿದಾ ಅವನಿಗಿಂತ ಒಂದು ಕೈ ಮೇಲು. ಅವಳ ಜರಡಿಯಲ್ಲಿ ಒಂದು ಹರಳು ಉಳಿದದ್ದು ಯಾರೂ ಕಂಡಿಲ್ಲ.

ಅಂಥ ಮನೆಯಿಂದ ಅದಾದ ಮೇಲೆ ಹೋದ ಮೊದಲ ಮಾಲೇ ಇಂಡಿಯಿಂದ ವಾಪಸು ಬಂತು!

ಕಾರ್ಖಾನೆಯಲ್ಲಿ ಬಂದ ಪುಡಿಯನ್ನು ಪರೀಕ್ಷೆ ಮಾಡುವ ಒಂದು ಕೋಣೆಯಿದೆ. ಅಲ್ಲಿ ಚೂರು ಪುಡಿಯನ್ನು ಸಣ್ಣ ಮೂಸೆಯಲ್ಲಿಟ್ಟು ಸುಟ್ಟು, ಉಳಿದ ಬೂದಿಯನ್ನು ತೂಗಿ ನೋಡುತ್ತಾರೆ. ಬರೀ ಬೇರು ಸುಟ್ಟರೆ ಇಂತಿಷ್ಟೇ ಬೂದಿ ಎಂದು ಲೆಕ್ಕವುಂಟು. ಹೆಚ್ಚು ಬಂತೋ, ಮಣ್ಣೋ ಮರಳೋ ಬೆರೆತಿದೆ ಎಂದೇ ಅರ್ಥ. ಬಂದೇನವಾಜನ ಪುಡಿಯಲ್ಲಿ ಬೂದಿ ಹೆಚ್ಚು ಬಂದಿತ್ತು. ಎಲ್ಲೋ ಏನೋ ತಪ್ಪಾಗಿದೆ ಎಂದು ಅವನು ಮತ್ತೊಂದು ಸಲ ಕಳಿಸಿದ. ಅದೂ ತಿರುಗಿ ಬಂತು. ಇನ್ನೊಮ್ಮೆ ಹೀಗಾದರೆ ಸಿಂದಗಿಯ ಅತ್ತಾರನಿಂದ ಮಾಲು ಕೊಳ್ಳುವುದೇ ಇಲ್ಲ ಎಂದು ಕಾರ್ಖಾನೆಯವರು ಖಡಾಖಂಡಿತ ಹೇಳಿದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಅವನಿಂದ ಬಹಳ ವರ್ಷ ಬೈಸಿಕೊಂಡಿದ್ದ ಮಸೂತಿ ಊರಿನ ರೈತ ಗುರಪ್ಪ ಅಂಗಡಿಗೆ ಬಂದವನೇ ಚಹಾ ಹೀರುತ್ತ ನಕ್ಕ. “ಏನ್ರಿ ಅತ್ತಾರ ಸಾಹೇಬ್ರ, ನಮ್ಮ ಬೇರಿನ್ಯಾಗ ಚೂರು ಮಣ್ಣಿದ್ರ ಹೌಹಾರ್ತಿದ್ರಿ. ಈಗ ನೀವ ಮಣ್ಣು ಮಾರಾಕತ್ತೀರಂತ?”

ಚೇಷ್ಟೆಗೆ ಅಂದ ಮಾತು. ಬಂದೇನವಾಜನ ಕರುಳಿಗೇ ಹೋಗಿ ನಾಟಿತು. ಅಂದು ಅವನಿಗೆ ರೊಟ್ಟಿ ಇಳಿಯಲಿಲ್ಲ. ಇಂಡಿಗೆ ಫೋನು ಹಚ್ಚಿ, ಪರೀಕ್ಷೆ ಮಾಡುವ ಹೆಣ್ಣುಮಗಳು ಎತ್ತಿದ ಕೂಡಲೆ ಹರಿಹಾಯ್ದ.

“ಮೇಡಂ, ನಿಮ್ಮ ತಕ್ಕಡಿ ಕೆಟ್ಟಿರಬೇಕ್ರಿ! ನಮ್ಮಜ್ಜನ ಕಾಲದಿಂದ ಯಾರೂ ನಮಗ ಕಳ್ಳರು ಅಂದಿಲ್ಲ.”

ಆ ಕಡೆಯ ದನಿ ತಣ್ಣಗೆ ಹೇಳಿತು: “ನಾನೂ ಅಂದಿಲ್ರಿ. ನಾಳೆ ನಾನ ಸಿಂದಗಿಗೆ ಬರ್ತೇನಿ.”

ಬಂದವಳು ಭಾಗ್ಯಜ್ಯೋತಿ. ಬಸವನಬಾಗೇವಾಡಿಯ ಹುಡುಗಿ, ಇಂಡಿಯಲ್ಲಿ ನೌಕರಿ. ಬಂದೇನವಾಜ ಎಷ್ಟು ಸಿಟ್ಟಿನಲ್ಲಿದ್ದನೆಂದರೆ ಮನೆ ಬಾಗಿಲಿಗೆ ಬಂದವಳಿಗೆ ಚಹಾ ಸಹ ಕೇಳಲಿಲ್ಲ. ಅವಳೇ ಸ್ಟೂಲು ಎಳೆದುಕೊಂಡು ಎದುರು ಕೂತಳು.

“ಚಾಚಾ, ಎರಡನೇ ಸಲ ನಾ ನಿಮ್ಮ ಚೀಲದ ಪುಡಿ ಮೂರು ಕಡಿಂದ ತಗದೆ. ಬಾಯಿಂದು, ನಡುವಿಂದು, ತಳದ್ದು. ಬ್ಯಾರೆ ಬ್ಯಾರೆ ಸುಟ್ಟು ನೋಡಿದೆ. ತಳ ಚೊಕ್ಕ ಐತಿ. ನಡುವೂ ಚೊಕ್ಕ ಐತಿ. ಬೂದಿ ಇರೂದು ಬರೇ ಮ್ಯಾಲಿನ ಪುಡಿಯಾಗ.”

“ಹಂಗಂದ್ರ?”

“ಮೋಸ ಮಾಡಾವ್ರು ಮ್ಯಾಲ ಚಲೋದಿಟ್ಟು ತಳಕ ಹೊಲಸು ತುಂಬ್ತಾರ. ತಳಕ ಚಲೋದು ತುಂಬಿ, ಮಂದಿಗೆ ಕಾಣೂಹಂಗ ಮ್ಯಾಲ ಹೊಲಸಿಡೋ ಕಳ್ಳನ್ನ ನಾ ಇನ್ನೂ ನೋಡಿಲ್ರಿ. ಇದು ಕಳ್ಳರ ಕೆಲಸ ಅಲ್ಲ, ಬ್ಯಾರೆ ಏನೋ ಐತಿ. ಅದಕ್ಕ ಕಡೀ ರಿಪೋರ್ಟ್ ಬರಿಯೂದ ನಿಲ್ಲಿಸಿ ಬಂದೇನಿ.”

ಬಂದೇನವಾಜ ಗಾದಿಯಿಂದ ಮುಂದಕ್ಕೆ ಬಾಗಿ ಅವಳ ಮುಖ ನೋಡಿದ. ಪುಡಿ ಕೆಟ್ಟಿದೆ ಎಂದು ಒಂದು ಗೆರೆ ಬರೆದು ಕೈ ತೊಳೆದುಕೊಳ್ಳಬಹುದಿತ್ತು ಈ ಹುಡುಗಿ. ಯಾರು ಕೇಳುತ್ತಿದ್ದರು? ಕಂಡು ಕೇಳದ ಮುದುಕನೊಬ್ಬ ಕಳ್ಳನಲ್ಲ ಎಂದು ತಿಳಿಯಲು ಇಷ್ಟು ದೂರ ಬಂದಿದ್ದಾಳೆ. ಅವನ ಎದೆ ತುಂಬಿ ಬಂತು.

“ಅಬಿದಾ!” ಎಂದು ಒಳಗೆ ಕೂಗಿದ. “ಚಹಾ ಇಡು. ನಮ್ಮ ಮಗಳು ಬಂದಾಳ.”

ಚಹಾ ಮುಗಿಸಿ ಇಬ್ಬರೂ ಹಿತ್ತಲ ಬಾಗಿಲಿಗೆ ಬಂದರು. ಬಂದೇನವಾಜ ಧೂಳಿಗೆ ಹೆದರಿ ಹೊಸ್ತಿಲ ಈಚೆಗೇ ನಿಂತ. ಭಾಗ್ಯಜ್ಯೋತಿ ತೊಳೆಯುವ ತೊಟ್ಟಿ ನೋಡಿದಳು, ಗಿರಣಿಯೊಳಗೆ ಇಣುಕಿದಳು, ಜರಡಿ ಎತ್ತಿ ಬೆಳಕಿಗೆ ಹಿಡಿದಳು. ಎಲ್ಲಿಯೂ ಬೆರಳಿಟ್ಟು ತೋರಿಸುವಂಥ ತಪ್ಪಿಲ್ಲ. ಅಬಿದಾ ತನ್ನ ಪಾಡಿಗೆ ತಾನು ಜರಡಿ ಹಿಡಿದ ಪುಡಿಯನ್ನು ಚೀಲಕ್ಕೆ ತುಂಬಿದಳು. ತುಂಬಿ, ಕೈ ಝಾಡಿಸಿ, ತಲೆಯ ಮೇಲೆ ಸೆರಗು ಹೊದ್ದು, ಗೋಡೆಯ ಗೂಡಿನಲ್ಲಿದ್ದ ಡಬ್ಬಿ ತೆಗೆದಳು. ತುಟಿ ಅಲ್ಲಾಡಿಸುತ್ತ ಅದರೊಳಗಿಂದ ಒಂದು ಮುಷ್ಟಿ ಬೂದಿ ಎತ್ತಿ ಚೀಲದ ಬಾಯಿಗೆ ಸುರಿದು, ದಬ್ಬಣ ಹಿಡಿದು ಹೊಲಿಯತೊಡಗಿದಳು.

“ಏ ಏ ಏ! ಏನದು?” ಬಂದೇನವಾಜ ಕಿರುಚಿಯೇಬಿಟ್ಟ.

“ಊದಿ,” ಎಂದಳು ಅಬಿದಾ. “ದರ್ಗಾದ್ದು.” ಅಷ್ಟು ದೊಡ್ಡ ಬಾಯಿ ಮಾಡಿ ಕೇಳುವಂಥದ್ದೇನಿದೆ ಇದರಲ್ಲಿ ಎಂಬಂತೆ ಗಂಡನನ್ನು ನೋಡಿದಳು.

“ಯಾವಾಗಿಂದ ನಡದೈತಿ ಇದು?”

“ನೀವು ಸೊಲ್ಲಾಪುರದಿಂದ ಜೀವಂತ ಮನಿಗೆ ಬಂದಾಗಿಂದ.”

ದಬ್ಬಣ ಕೆಳಗಿಟ್ಟು ಅವಳು ಭಾಗ್ಯಜ್ಯೋತಿಯ ಕಡೆ ತಿರುಗಿದಳು. “ಒಳಗ ಇವರ ಎದಿ ಕೊಯ್ಯಾಕತ್ತಿದ್ರವ್ವಾ, ನಾ ಹೊರಗ ಫರಸಿ ಕಲ್ಲಿನ ಮ್ಯಾಲ ಕುಂತಿದ್ದೆ. ಅಲ್ಲೇ ಬೇಡ್ಕೊಂಡೆ. ಈ ಮನಷ್ಯಾ ಎದ್ದು ಬರ್ಲಿ, ಚೀಲಕ್ಕೊಂದು ಮುಷ್ಟಿ ಊದಿ ಹಾಕ್ತೇನಿ, ನಮ್ಮ ಮದ್ದು ಹೋದ ಮನ್ಯಾಗ ಬ್ಯಾನಿ ಬಿದ್ದವ್ರೂ ಏಳ್ಲಿ ಅಂತ. ಎದ್ದು ಬಂದ್ರು. ಹಾಕಾಕತ್ತೇನಿ.”

ಭಾಗ್ಯಜ್ಯೋತಿ ನಗಲಿಲ್ಲ. ಅಬಿದಾಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದಳು: “ಚಾಚಿ, ನನಗೂ ಜ್ವರ ಬಂದ್ರ ನಮ್ಮವ್ವ ವಿಭೂತಿ ನಾಲಿಗಿಗೆ ಹಚ್ತಾಳ. ನಿಮ್ಮ ಮನಸು ನನಗ ತಿಳೀತೈತಿ. ಆದ್ರ ನನ್ನ ಮೂಸಿಗೆ ಅದು ದರ್ಗಾದ ಊದಿಯೋ ರಸ್ತಾದ ಮಣ್ಣೋ ತಿಳಿಯೂದಿಲ್ರಿ. ಪುಡಿ ತಗೊಳ್ಳೋ ಬ್ಯಾನಿ ಮನಷ್ಯಾಗೂ ತಿಳಿಯೂದಿಲ್ಲ. ಔಷಧದಾಗ ಔಷಧ ಅಷ್ಟ ಇರ್ಬೇಕು.”

ಅಬಿದಾಳ ಮುಖ ಬಿಳಿಚಿತು. “ಯಾ ಅಲ್ಲಾ! ನಾ ಬ್ಯಾನಿ ಮಂದಿಗೆ ಕೆಟ್ಟದ್ದು ಕೊಟ್ನೇನು?”

“ಇಲ್ರಿ, ಯಾರಿಗೂ ಮುಟ್ಟಿಲ್ಲ. ಅದಕ್ಕಂತ ನಾವು ವಾಪಸ್ ಕಳಿಸಿದ್ದು.”

ಅಬಿದಾ ಉಸಿರು ಬಿಟ್ಟಳು. ಮರುಗಳಿಗೆಗೇ ಅವಳ ಕಣ್ಣಲ್ಲಿ ಬೇರೊಂದು ಹೆದರಿಕೆ ಬಂದು ಕೂತಿತು. “ಹಂಗಾದ್ರ ನನ್ನ ಹರಕಿ? ಅದನ್ನ ಮುರದು ಇವರಿಗೇನರೆ ಆದ್ರ? ಹೆಸರು ಹೋದ್ರ ಹೋಗ್ಲಿ ತಂಗಿ, ಧಂದೆ ಹೋದ್ರ ಹೋಗ್ಲಿ. ಮನಷ್ಯಾ ಬೇಕು ನನಗ.”

ಅಷ್ಟು ದಿನದ ಸಿಟ್ಟನ್ನೆಲ್ಲ ಅವಳ ಮೇಲೆ ಕಾರಬೇಕೆಂದು ಹೊರಟಿದ್ದ ಬಂದೇನವಾಜ ಅಲ್ಲಿಗೇ ತಡೆದ. ಇಷ್ಟು ದಿನ ತನ್ನ ಹೆಸರಿಗಾಗಿ ಅವನು ಊಟ ಬಿಟ್ಟಿದ್ದ. ಇವಳಿಗೋ ಆ ಹೆಸರು ಲೆಕ್ಕಕ್ಕೇ ಇಲ್ಲ. ಹೊಸ್ತಿಲ ಮೇಲೆ ಕೂತು ಹೆಂಡತಿಯನ್ನು ಕರೆದ.

“ಅಬಿದಾ, ಚೀಲಕ್ಕೊಂದು ಮುಷ್ಟಿ ಅಂತ ಬೇಡ್ಕೊಂಡಿದ್ದಿ, ಹೌದಿಲ್ಲೊ? ಮುಷ್ಟಿ ಹಂಗ ಇರ್ಲಿ. ಹಾಕೂ ಬದಲಿ ತಗಿ. ಪ್ರತಿ ಚೀಲದಿಂದ ಒಂದು ಮುಷ್ಟಿ ಪುಡಿ ತಗದು ಬ್ಯಾರೆ ಇಡು. ವೈದ್ಯರ ಚೀಟಿ ಹಿಡ್ಕೊಂಡು ಬರಿಗೈಲೆ ಅಂಗಡಿಗೆ ಬರ್ತಾರಲ್ಲ, ಅವ್ರಿಗೆ ಕೊಡೂಣು. ಬ್ಯಾನಿ ಬಿದ್ದವ್ರು ಏಳ್ಬೇಕಂತ ತಾನ ನೀ ಬೇಡಿದ್ದು?”

ಅಬಿದಾ ಕೂಡಲೆ ಒಪ್ಪುವವಳಲ್ಲ. “ಕೇಳಿ ಬರ್ತೇನಿ,” ಎಂದಳು. ಗುರುವಾರ ದರ್ಗಾಕ್ಕೆ ಹೋಗಿ ಬಹಳ ಹೊತ್ತು ಕೂತು ಬಂದಳು. “ಒಪ್ಪ್ಯಾರ,” ಎಂದಷ್ಟೇ ಹೇಳಿ ಅಡಿಗೆಮನೆಗೆ ನಡೆದಳು. ಯಾರು ಒಪ್ಪಿದರು ಎಂದು ಕೇಳುವ ಧೈರ್ಯ ಬಂದೇನವಾಜನಿಗೆ ಆಗಲಿಲ್ಲ.

ಹೊಸ ಬೇರು ಅರೆದು ಹೊಸ ಪುಡಿ ಕಳಿಸಿದರು. ಸುದ್ದಿ ಬರುವ ತನಕ ಬಂದೇನವಾಜ ಗಾದಿಯ ಮೇಲೆ ಕೂತಲ್ಲಿ ಕೂರಲಿಲ್ಲ. ಫೋನು ಗುಂಯ್‌ಗುಟ್ಟಿದಾಗಲೆಲ್ಲ ಎದೆ ಹಿಡಿದುಕೊಂಡ. ಕಡೆಗೆ ಭಾಗ್ಯಜ್ಯೋತಿಯ ದನಿ ಕೇಳಿತು: “ಚಾಚಾ, ಬಾಯಿ, ನಡುವು, ತಳ, ಮೂರೂ ಚೊಕ್ಕ ಅದಾವ್ರಿ.”

“ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ,” ಎಂದ. “ನಿನ್ನಿಂದ ನಮ್ಮಜ್ಜನ ಹೆಸರು ಉಳೀತು. ನಿನ್ನ ಉಪಕಾರ ನಾ ಇರೂ ತನಕ ಮರಿಯೂದಿಲ್ಲ.”

ಫೋನಿಟ್ಟು ನೆಟ್ಟಗೆ ಹಿತ್ತಲಿಗೆ ಹೋದ. ಅಬಿದಾ ಗಿರಣಿಯ ಪಕ್ಕ ಜರಡಿ ಹಿಡಿಯುತ್ತಿದ್ದಳು.

“ಪಾಸ್ ಆತು.”

“ಅಲ್ಲಾಗ ಶುಕ್ರ,” ಎಂದು ದೇವರ ಉಪಕಾರ ನೆನೆದಳು, ಜರಡಿ ನಿಲ್ಲಿಸದೆ.

ಬಂದೇನವಾಜ ಹೊರಡಲಿಲ್ಲ. ಹೊಸ್ತಿಲು ದಾಟಿ ಒಳಗೇ ಬಂದ. “ಅಲ್ಲಾಗ ನೀ ಹೇಳಿದಿ. ಆ ಹುಡುಗಿಗೆ ನಾ ಹೇಳಿದೆ. ಸೊಲ್ಲಾಪುರದ ಡಾಕ್ಟರಿಗೆ ಪೇಢೆ ಒಯ್ದು ಕೊಟ್ವಿ. ನಿನಗ ಮಾತ್ರ ಯಾರೂ ಹೇಳಿಲ್ಲ ನೋಡು.”

“ಏನು?”

“ಶುಕ್ರಿಯಾ.”

ಜರಡಿ ನಿಂತಿತು. ಮದುವೆಯಾದಂದಿನಿಂದ ಆ ಮಾತು ಅವನ ಬಾಯಿಂದ ಅವಳ ಪಾಲಿಗೆ ಬಂದದ್ದಿಲ್ಲ. ಅಬಿದಾ ಪುಡಿ ಮೆತ್ತಿದ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸೊಲ್ಲಾಪುರದ ಫರಸಿಯ ಮೇಲೆ ಕೂತಾಗಲೂ ಅಳದಷ್ಟು ಅತ್ತಳು. ಅಳುತ್ತಲೇ ಬೈದಳು:

“ಧೂಳಿನ್ಯಾಗ ನಿಂತು ಶುಕ್ರಿಯಾ ಹೇಳ್ತೀರಲ್ಲ, ಮತ್ತ ಸೊಲ್ಲಾಪುರಕ್ಕ ಹೋಗೂದೈತೇನು? ನಡೀರಿ ಹೊರಗ!”